ಲಿವರ್ ತೊಂದರೆ ಇದ್ದವರಿಗೆ ನೋವಿನ ಗುಳಿಗೆ: ಯಾವುದು ನಡೆಯುತ್ತದೆ, ಎಷ್ಟು ನಡೆಯುತ್ತದೆ, ಯಾವುದು ಬೇಡವೇ ಬೇಡ

ನಾಟಿ ಹಚ್ಚಿ ಸೊಂಟ ಹಿಡಿದವರು, ಜೀನ್ಸ್ ಹೊಲಿದು ಕುತ್ತಿಗೆ ಬಿಗಿದವರು, ಲಾರಿ ಓಡಿಸಿ ಬೆನ್ನು ಕಳೆದುಕೊಂಡವರು ಸಂಜೆ ಮೆಡಿಕಲ್ ಶಾಪಿನ ಮುಂದೆ ನಿಂತು ಕೇಳುವುದು ಒಂದೇ ಮಾತು: "ಮೈಕೈ ನೋವಿಗೆ ಗುಳಿಗಿ ಕೊಡ್ರಿ." ಸ್ಟ್ರಿಪ್ಪಿನಿಂದ ಕತ್ತರಿಸಿದ ಮೂರ್ನಾಲ್ಕು ಗುಳಿಗೆ ಪುಟ್ಟ ಕಾಗದದ ಪೊಟ್ಟಣದಲ್ಲಿ ಕೈಗೆ ಬರುತ್ತವೆ. ಒಂದು ನೋವಿನದು, ಒಂದು ಗ್ಯಾಸಿನದು, ಕೆಲವೊಮ್ಮೆ ಜೊತೆಗೊಂದು ಸ್ಟೀರಾಯ್ಡ್. ಗಟ್ಟಿಮುಟ್ಟಾದವರಿಗೆ ಎರಡು ದಿನ ಅದು ನಡೆದುಹೋಗುತ್ತದೆ. ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ) ಇದ್ದವರಿಗೆ ಅದೇ ಪೊಟ್ಟಣ ಮೂರ್ನಾಲ್ಕು ದಿನದಲ್ಲಿ ಕಿಡ್ನಿ ಕೆಡಿಸಬಹುದು, ಅನ್ನನಾಳದ ರಕ್ತನಾಳ ಒಡೆಸಬಹುದು.

ಇದರಲ್ಲೊಂದು ತಲೆಕೆಳಗಾದ ನಂಬಿಕೆಯಿದೆ. "ಡೋಲೋ ಲಿವರ್‌ಗೆ ಕೆಟ್ಟದ್ದಂತೆ" ಎಂದು ಪ್ಯಾರಾಸಿಟಮಾಲ್ ಬಿಟ್ಟು, "ಇದು ಬರೀ ನೋವಿಂದು, ಏನೂ ಆಗಂಗಿಲ್ಲ" ಎಂದು ಡೈಕ್ಲೋಫೆನಾಕ್ ನುಂಗುವವರೇ ಹೆಚ್ಚು. ವಾಸ್ತವ ಇದಕ್ಕೆ ಉಲ್ಟಾ. ಅಳತೆ ಮೀರದ ಪ್ಯಾರಾಸಿಟಮಾಲ್ ಲಿವರ್ ರೋಗಿಯ ಮೊದಲ ಆಯ್ಕೆ. ಡೈಕ್ಲೋಫೆನಾಕ್ ಗುಂಪಿನ ಗುಳಿಗೆಗಳು ದೂರ ಇಡಬೇಕಾದವು.

ಮೊದಲು ನಿಮ್ಮ ಲಿವರ್ ಯಾವ ಹಂತದಲ್ಲಿದೆ ನೋಡಿ

"ಲಿವರ್ ಪ್ರಾಬ್ಲಂ" ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಸ್ಥಿತಿಗಳು ಇವೆ, ಎಲ್ಲಕ್ಕೂ ಒಂದೇ ನಿಯಮ ಅಲ್ಲ. ಸ್ಕ್ಯಾನ್ ರಿಪೋರ್ಟಿನಲ್ಲಿ "ಫ್ಯಾಟಿ ಲಿವರ್ ಗ್ರೇಡ್ 1" ಎಂದು ಬರೆದಿದ್ದರೆ ಲಿವರಿನಲ್ಲಿ ಕೊಬ್ಬಿದೆ ಎಂದಷ್ಟೇ ಅರ್ಥ. ಆ ಗ್ರೇಡ್ ಕೊಬ್ಬಿನ ಲೆಕ್ಕ. ಲಿವರ್ ಎಷ್ಟು ಗಡುಸಾಗಿದೆ ಎಂಬುದರ ಲೆಕ್ಕ ಅಲ್ಲ. ಗಡುಸಿನ ಅಂದಾಜಿಗೆ ಫೈಬ್ರೋಸ್ಕ್ಯಾನ್ ಇದೆ. ಅದಕ್ಕೂ ಮೊದಲು ಕೈಯಲ್ಲಿರುವ ರಕ್ತದ ರಿಪೋರ್ಟಿನಿಂದಲೇ ಫಿಬ್-4 ಎಂಬ ಲೆಕ್ಕ ಮಾಡಬಹುದು (ಎಎಸ್‌ಟಿ, ಎಎಲ್‌ಟಿ ಎಂದರೆ ಲಿವರಿನ ಎನ್‌ಝೈಮ್‌ಗಳು): ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಪ್ಲೇಟ್‌ಲೆಟ್ ಸಂಖ್ಯೆಯನ್ನು (2.5 ಲಕ್ಷ ಇದ್ದರೆ 250 ಎಂದು ಹಿಡಿದು) ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ, ಮೊದಲಿನದನ್ನು ಎರಡನೆಯದರಿಂದ ಭಾಗಿಸಿ. 45 ವಯಸ್ಸು, ಎಎಸ್‌ಟಿ 36, ಎಎಲ್‌ಟಿ 36, ಪ್ಲೇಟ್‌ಲೆಟ್ 2.5 ಲಕ್ಷ ಇದ್ದರೆ 1620 ಭಾಗಿಸು 1500, ಅಂದರೆ 1.08. 65ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ 1.3ರೊಳಗೆ ಬಂದರೆ ಲಿವರ್ ಹೆಚ್ಚು ಗಡುಸಾಗಿರುವ ಸಂಭವ ಕಡಿಮೆ. 2.67 ದಾಟಿದರೆ ತಜ್ಞರಿಗೆ ತೋರಿಸಲೇಬೇಕು. ನಡುವೆ ಬಿದ್ದರೆ ಫೈಬ್ರೋಸ್ಕ್ಯಾನ್ ಮಾಡಿಸಿ.

ಗಡುಸಾಗದ ಫ್ಯಾಟಿ ಲಿವರ್ ಇದ್ದವರಿಗೆ ಕೆಳಗಿನ ಕಟ್ಟುನಿಟ್ಟು ಅಷ್ಟೂ ಬೇಕಿಲ್ಲ. ಕಿಡ್ನಿ, ಬಿಪಿ, ಹೊಟ್ಟೆ ಸರಿಯಿದ್ದರೆ ವೈದ್ಯರು ಎರಡು ಮೂರು ದಿನದ ಮಟ್ಟಿಗೆ ಬೇರೆ ನೋವಿನ ಗುಳಿಗೆಯನ್ನೂ ಬರೆಯಬಹುದು. ಸಿರೋಸಿಸ್ ಎಂದು ಗೊತ್ತಾಗಿದ್ದರೆ, ಸದ್ಯ ಯಾವ ತೊಂದರೆ ಕಾಣದಿದ್ದರೂ, ಕೆಳಗಿನದೆಲ್ಲ ಅನ್ವಯಿಸುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ಕಣ್ಣು ಹಳದಿಯಾಗಿದ್ದರೆ, ಒಮ್ಮೆಯಾದರೂ ರಕ್ತ ಕಾರಿದ್ದರೆ, ಮಂಪರು ಬಂದಿದ್ದರೆ ಎರಡರಷ್ಟು ಅನ್ವಯ. ಈಗಷ್ಟೇ ಕಾಮಣಿ ಆಗಿ ಎನ್‌ಝೈಮ್ ಏರುತ್ತಿರುವವರು ಪ್ಯಾರಾಸಿಟಮಾಲ್ ಕೂಡ ವೈದ್ಯರನ್ನು ಕೇಳಿಯೇ ತಗೊಳ್ಳಬೇಕು.

ಗುಳಿಗೆ ನುಂಗುವ ಮುಂಚೆ: ಇದು ಮನೆಯಲ್ಲಿ ನೋಡುವ ನೋವೇ?

ಹೊಟ್ಟೆಯಲ್ಲಿ ನೀರಿದ್ದು ಅದರ ಜೊತೆ ಹೊಟ್ಟೆನೋವು, ಜ್ವರ ಬಂದರೆ ಆ ನೀರಿಗೇ ಸೋಂಕು ತಗುಲಿರಬಹುದು. ಇದಕ್ಕೆ ಬೇಕಾದದ್ದು ಅದೇ ದಿನ ಸೂಜಿಯಿಂದ ನೀರು ತೆಗೆದು ಪರೀಕ್ಷೆ, ಆ್ಯಂಟಿಬಯೋಟಿಕ್. ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಸಿ "ನಾಳೆ ನೋಡೋಣ" ಎಂದರೆ ಒಂದು ದಿನ ಹಾಳು, ಆ ಒಂದು ದಿನವೇ ದುಬಾರಿ. ಬಲ ಪಕ್ಕೆಯಡಿ ಜೋರು ನೋವಿನ ಜೊತೆ ಚಳಿಜ್ವರ ಬಂದರೆ ಲಿವರಿನಲ್ಲಿ ಕೀವು ಇರಬಹುದು, ಇಲ್ಲವೇ ಪಿತ್ತಕೋಶದ ಕಲ್ಲು ಅಡ್ಡ ಬಂದಿರಬಹುದು. ಸಿರೋಸಿಸ್ ಇದ್ದವರಲ್ಲಿ ಪಿತ್ತದ ಕಲ್ಲು ಸಾಮಾನ್ಯವಾಗಿ ಹೆಚ್ಚು. ಹೊಕ್ಕುಳ ಉಬ್ಬಿ ಗಟ್ಟಿಯಾಗಿ, ಒತ್ತಿದರೆ ಒಳಹೋಗದೆ ನೋಯುತ್ತಿದ್ದರೆ ಹರ್ನಿಯಾ ಸಿಕ್ಕಿಕೊಂಡಿದೆ. ರಕ್ತ ವಾಂತಿ, ಡಾಂಬರಿನಂಥ ಕಪ್ಪು ಅಂಟು ಮಲ (ಕಬ್ಬಿಣದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅಂಟಾಗಿ ದುರ್ವಾಸನೆ ಬರುವುದಿಲ್ಲ), ಎದೆನೋವು, ಮಾತು ತೊದಲುವುದು: ಇವಕ್ಕೆಲ್ಲ 108ಕ್ಕೆ ಫೋನ್ ಮಾಡುವುದೇ ಮದ್ದು. ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ (ಜನ ಇವತ್ತಿಗೂ ವಿಮ್ಸ್ ಎನ್ನುವುದು), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಇವುಗಳಲ್ಲಿ ಹತ್ತಿರದ್ದಕ್ಕೆ ಹೋಗಿ.

ಮಳೆಗಾಲದಲ್ಲಿ ಜ್ವರದೊಂದಿಗೆ ಮೈಯೆಲ್ಲ ಒಡೆದಂತೆ ನೋವು ಬಂದರೆ ಡೆಂಗಿ ಎಂದೇ ಮೊದಲು ಅನುಮಾನಿಸಿ. ಸಿರೋಸಿಸ್‌ನಲ್ಲಿ ಪ್ಲೇಟ್‌ಲೆಟ್ ಮೊದಲೇ ಕಡಿಮೆ ಇರುತ್ತದೆ; ಅದರ ಮೇಲೆ ಡೆಂಗಿ, ಅದರ ಮೇಲೆ ಐಬುಪ್ರೊಫೆನ್ ಬಿದ್ದರೆ ರಕ್ತಸ್ರಾವಕ್ಕೆ ದಾರಿ ಮಾಡಿಕೊಟ್ಟಂತೆ.

ರಾತ್ರಿ ಮೀನಖಂಡ ಎಳೆದು ಗಂಟು ಹಾಕುವ ನೋವಿಗೆ ನೋವಿನ ಗುಳಿಗೆ ಕೆಲಸವೇ ಮಾಡುವುದಿಲ್ಲ. ನೀರು ಇಳಿಸುವ ಗುಳಿಗೆಯಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಏರುಪೇರಾಗಿರಬಹುದು. ರಕ್ತ ಪರೀಕ್ಷೆ ಮಾಡಿಸಿ ಗುಳಿಗೆಯ ಡೋಸ್ ತಿದ್ದಿಸಿಕೊಳ್ಳಬೇಕು.

ಗುಳಿಗೆ ಇಲ್ಲದೆ ಎಷ್ಟು ಇಳಿಯುತ್ತದೋ ಅಷ್ಟು ಇಳಿಸಿ

ಸೊಂಟ, ಕುತ್ತಿಗೆ, ಮಂಡಿ ನೋವುಗಳಲ್ಲಿ ಅರ್ಧಕ್ಕರ್ಧ ಕೆಲಸ ಇಲ್ಲೇ ಆಗುತ್ತದೆ. ಹಂಚಿನ ಮೇಲೆ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟುಕಟ್ಟಿ ಕಾವು ಕೊಡುವ ಅಜ್ಜಿ ಪದ್ಧತಿ ಬಿಡಬೇಕಿಲ್ಲ: ದಿನಕ್ಕೆ ಎರಡು ಮೂರು ಸಲ, ಸಲಕ್ಕೆ 15 ನಿಮಿಷ, ನಿಮ್ಮ ಮುಂಗೈ ತಾಳುವಷ್ಟೇ ಬಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಪಾದಕ್ಕೆ ಕಾವು ಕೊಡಬಾರದು, ಸುಟ್ಟರೂ ತಿಳಿಯುವುದಿಲ್ಲ. ಹೊಸದಾಗಿ ಉಳುಕಿ ಊದಿದ್ದರೆ ಮೊದಲ ಎರಡು ದಿನ ಬಟ್ಟೆ ಸುತ್ತಿದ ಮಂಜುಗಡ್ಡೆ, ಕಾವು ಆಮೇಲೆ. ಮಂಡಿನೋವಿಗೆ ಕಾಲು ಚಾಚಿ ಕುಳಿತು ಮಂಡಿಯಡಿ ಟವೆಲ್ ಸುರುಳಿ ಇಟ್ಟು ಕೆಳಕ್ಕೆ ಒತ್ತಿ 5 ಸೆಕೆಂಡ್ ಹಿಡಿಯಿರಿ. ಹತ್ತು ಸಲ, ದಿನಕ್ಕೆ ಎರಡು ಬಾರಿ. ತೊಡೆ ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಸಿರೋಸಿಸ್‌ನಲ್ಲಿ ಮಾಂಸಖಂಡ ಕರಗುವುದರಿಂದ ಇದರ ಲಾಭ ದುಪ್ಪಟ್ಟು.

ಹಚ್ಚುವ ಮದ್ದಿನಲ್ಲಿ ಲಿಗ್ನೊಕೇನ್ ಜೆಲ್, ಕ್ಯಾಪ್ಸೈಸಿನ್ ಮುಲಾಮು ಒಳ್ಳೆಯವು. ಕ್ಯಾಪ್ಸೈಸಿನ್ ಅಂದರೆ ನಮ್ಮ ಮೆಣಸಿನಕಾಯಿಯ ಖಾರವೇ. ಹಾಗೆಂದು ಹೊಲದ ಮೆಣಸಿನಕಾಯಿ ಅರೆದು ಮಂಡಿಗೆ ಬಳಿದುಕೊಂಡರೆ ಚರ್ಮ ಬೊಬ್ಬೆ ಏಳುತ್ತದೆ! ಮುಲಾಮು ಹಚ್ಚಿದ ಮೇಲೆ ಕೈ ಸೋಪಿನಿಂದ ತೊಳೆಯಿರಿ, ಕಣ್ಣು ಮುಟ್ಟಬೇಡಿ. ಮೊದಲ ವಾರ ಉರಿ ಸಹಜ. ಡೈಕ್ಲೋಫೆನಾಕ್ ಜೆಲ್ ಗುಳಿಗೆಯಷ್ಟು ರಕ್ತಕ್ಕೆ ಹೋಗುವುದಿಲ್ಲ, ಆದರೂ ಸ್ವಲ್ಪ ಹೋಗುತ್ತದೆ. ಸಿರೋಸಿಸ್ ಇದ್ದು ತೊಂದರೆ ಕಾಣದವರು ಒಂದೇ ಕೀಲಿಗೆ ನಾಲ್ಕೈದು ದಿನ ವೈದ್ಯರನ್ನು ಕೇಳಿ ಹಚ್ಚಬಹುದು. ಹೊಟ್ಟೆಯಲ್ಲಿ ನೀರಿದ್ದವರಿಗೆ, ಕ್ರಿಯೇಟಿನಿನ್ (ಕಿಡ್ನಿಯ ಕೆಲಸ ತೋರಿಸುವ ರಕ್ತ ಪರೀಕ್ಷೆ) ಏರಿದವರಿಗೆ ಅದೂ ಬೇಡ.

ಪ್ಯಾರಾಸಿಟಮಾಲ್: ಅಳತೆಯೇ ಎಲ್ಲ

ಪ್ಯಾರಾಸಿಟಮಾಲ್‌ನ ಹೆಚ್ಚಿನ ಪಾಲನ್ನು ಲಿವರ್ ನಿರುಪದ್ರವಿ ರೂಪಕ್ಕೆ ತಿರುಗಿಸಿ ಮೂತ್ರಕ್ಕೆ ಕಳಿಸುತ್ತದೆ. ಸಣ್ಣದೊಂದು ಪಾಲು ವಿಷವಾಗುತ್ತದೆ. ಗ್ಲುಟಾಥಯೋನ್ ಎಂಬ ವಸ್ತು ಆ ವಿಷವನ್ನು ಕೂಡಲೇ ಕಟ್ಟಿಹಾಕುತ್ತದೆ. ಗುಳಿಗೆ ಅಳತೆ ಮೀರಿದರೆ ಗ್ಲುಟಾಥಯೋನ್ ಸಾಲುವುದಿಲ್ಲ, ಲಿವರಿನ ಜೀವಕೋಶ ಸಾಯುತ್ತದೆ. ನಿತ್ಯ ಕುಡಿಯುವವರಲ್ಲಿ ವಿಷವಾಗುವ ಪಾಲು ಹೆಚ್ಚು. ಹೊಟ್ಟೆಗೆ ಸರಿಯಾಗಿ ತಿನ್ನದವರಲ್ಲಿ ಗ್ಲುಟಾಥಯೋನ್ ಕಡಿಮೆ. ಅಳತೆ ಏಕೆ ಒಬ್ಬೊಬ್ಬರಿಗೆ ಒಂದೊಂದು ಎಂಬುದಕ್ಕೆ ಕಾರಣ ಇದೇ.

ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ 4 ಗ್ರಾಂ ಮಿತಿ. ಸಿರೋಸಿಸ್ ಇದ್ದವರಿಗೆ ಅದರರ್ಧ, 2 ಗ್ರಾಂ. ಗುಳಿಗೆಯ ಲೆಕ್ಕದಲ್ಲಿ: 500 ಮಿಲಿಗ್ರಾಂನದಾದರೆ ದಿನಕ್ಕೆ ಹೆಚ್ಚೆಂದರೆ 4, ನಡುವೆ ಕನಿಷ್ಠ 6 ಗಂಟೆ. 650ರದಾದರೆ ಹೆಚ್ಚೆಂದರೆ 3 (ಒಟ್ಟು 1950), ನಡುವೆ 8 ಗಂಟೆ. 1000 ಮಿಲಿಗ್ರಾಂನ ಗುಳಿಗೆ ಕೊಳ್ಳಲೇಬೇಡಿ. ಮರೆತು ಮೂರನೆಯದು ನುಂಗಿದರೆ ಮಿತಿ ದಾಟಿತು. ತೂಕ 50 ಕೆಜಿಗಿಂತ ಕಡಿಮೆ ಇದ್ದವರು, ಊಟ ಸೇರದವರು, ಕುಡಿತ ಬಿಡದವರು ಅಥವಾ ಮೊನ್ನೆ ಮೊನ್ನೆ ಬಿಟ್ಟವರು 500ರ ಮೂರಕ್ಕೆ ನಿಲ್ಲಿಸಿ, ಅಷ್ಟನ್ನೂ ವೈದ್ಯರಿಗೆ ಹೇಳಿ ತಗೊಳ್ಳಿ. ಕ್ಷಯದ ಔಷಧಿ ಅಥವಾ ಫಿಟ್ಸ್‌ನ ಫೆನಿಟಾಯಿನ್, ಕಾರ್ಬಮಜೆಪಿನ್ ನಡೆಯುತ್ತಿದ್ದರೂ ಅಳತೆ ವೈದ್ಯರೇ ಹೇಳಬೇಕು.

ನೋವು ಬಂದಾಗ ಮೊದಲು ಒಂದೇ 500 ನುಂಗಿ ಒಂದು ಗಂಟೆ ಕಾಯಿರಿ. ಬಹಳ ಮಂದಿಗೆ ಅಷ್ಟೇ ಸಾಕಾಗುತ್ತದೆ. ನುಂಗಿದ ಹೊತ್ತನ್ನು ಕ್ಯಾಲೆಂಡರಿನ ಮೇಲೆ ಬರೆಯಿರಿ. "ಮುಂಜಾನೆ ತೊಗೊಂಡೆನೋ ಇಲ್ಲೋ" ಎಂಬ ಅನುಮಾನದಲ್ಲೇ ಡಬಲ್ ಡೋಸ್ ಆಗುವುದು. ಮೂರು ದಿನವಾದರೂ ನೋವು ಹಾಗೇ ಇದ್ದರೆ ವೈದ್ಯರ ಹತ್ತಿರ ಹೋಗಿ, ನೀವಾಗಿ ಗುಳಿಗೆ ಏರಿಸಬೇಡಿ.

ಉಪವಾಸದ ದಿನ ಏನು ಮಾಡುವುದು? ಶ್ರಾವಣ ಸೋಮವಾರ, ಏಕಾದಶಿ, ರಂಜಾನ್ ರೋಜಾ ಯಾವುದೇ ಇರಲಿ, ಸಿರೋಸಿಸ್ ಇದ್ದವರಿಗೆ ದಿನಪೂರ್ತಿ ಖಾಲಿ ಹೊಟ್ಟೆ ತರವಲ್ಲ. ಅದರ ಮೇಲೆ ಪ್ಯಾರಾಸಿಟಮಾಲ್ ನುಂಗುವುದು ಇನ್ನೂ ತರವಲ್ಲ. ಅರ್ಧ ರೊಟ್ಟಿಯನ್ನಾದರೂ, ಒಂದು ಬಟ್ಟಲು ಹಾಲನ್ನಾದರೂ ಹೊಟ್ಟೆಗೆ ಹಾಕಿ ಗುಳಿಗೆ ತಗೊಳ್ಳಿ.

ನೀರಿಗೆ ಹಾಕಿದರೆ ಬುಸುಗುಟ್ಟುವ ಪ್ಯಾರಾಸಿಟಮಾಲ್ ಬೇರೆಯದೇ ಲೆಕ್ಕ. ಅಂಥ 500ರ ಒಂದು ಗುಳಿಗೆಯಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ, ಅಂದರೆ ಒಂದು ಗ್ರಾಂ ಉಪ್ಪು. ಹೊಟ್ಟೆಯಲ್ಲಿ ನೀರಿದ್ದು ದಿನಕ್ಕೆ 5 ಗ್ರಾಂ ಉಪ್ಪಿನ ಕಟ್ಟು ಮಾಡಿದವರು, ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಭಜಿ ಎಲ್ಲ ಬಿಟ್ಟವರು, ಗುಳಿಗೆಯ ರೂಪದಲ್ಲಿ ಅದೇ ಉಪ್ಪನ್ನು ಕುಡಿದಂತಾಗುತ್ತದೆ. ಸಾದಾ ಗುಳಿಗೆಯೇ ಸಾಕು.

ಸ್ಟ್ರಿಪ್ಪಿನ ಹಿಂಬದಿ ಓದುವುದು

ಲೂಸ್ ಗುಳಿಗೆ ಕೊಳ್ಳಬೇಡಿ. ಕತ್ತರಿಸಿದ ತುಂಡಿನಲ್ಲಿ ಔಷಧದ ಹೆಸರೂ ಇರುವುದಿಲ್ಲ, ತಾರೀಖೂ ಇರುವುದಿಲ್ಲ. ಹತ್ತರ ಇಡೀ ಸ್ಟ್ರಿಪ್ ಕೇಳಿ, ಅಥವಾ ಕತ್ತರಿಸುವ ಮುಂಚೆ ಹಿಂಬದಿಯ ಫೋಟೋ ತೆಗೆದುಕೊಳ್ಳಿ. ಮುಂದಿನ ದೊಡ್ಡ ಹೆಸರು ಬ್ರ್ಯಾಂಡಿನದು, ಅದನ್ನು ಬಿಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಒಳಗೇನಿದೆ ಎಂದು ಇರುತ್ತದೆ. ಇಂಗ್ಲಿಷ್ ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳ ಕೈಲಿ ಓದಿಸಿ. ಜನೌಷಧಿ ಕೇಂದ್ರದಲ್ಲಿ ಬ್ರ್ಯಾಂಡ್ ಹೆಸರಿನ ಗೊಂದಲವೇ ಕಡಿಮೆ, ಔಷಧದ ಹೆಸರೇ ಮುಂದಿರುತ್ತದೆ.

ನೋಡಬೇಕಾದ್ದು ಎರಡು. ಮೊದಲನೆಯದು, ಪ್ಯಾರಾಸಿಟಮಾಲ್ ಅಡಗಿ ಕುಳಿತಿದೆಯೇ ಎಂಬುದು. ನೆಗಡಿಯ ಗುಳಿಗೆಗಳಲ್ಲಿ ಬಹುತೇಕ ಅದು ಇದ್ದೇ ಇರುತ್ತದೆ. ಮೈಕೈ ನೋವಿಗೆ ಒಂದು, ನೆಗಡಿಗೆ ಒಂದು, ತಲೆನೋವಿಗೆ ಒಂದು ಎಂದು ನುಂಗಿದರೆ ಮೂರೂ ಕಡೆಯಿಂದ ಪ್ಯಾರಾಸಿಟಮಾಲ್ ಸೇರಿ 2 ಗ್ರಾಂ ಸಂಜೆಯೊಳಗೇ ದಾಟುತ್ತದೆ. ಎರಡನೆಯದು, ಪ್ಯಾರಾಸಿಟಮಾಲ್‌ನ ಪಕ್ಕ ಇನ್ನೊಂದು ಹೆಸರು ಇದೆಯೇ ಎಂಬುದು. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಇದೆ, ಜೆರೊಡಾಲ್-ಪಿಯಲ್ಲಿ ಅಸಿಕ್ಲೋಫೆನಾಕ್ ಇದೆ, ಮುಟ್ಟಿನ ನೋವಿಗೆ ತಗೊಳ್ಳುವ ಮೆಫ್ಟಾಲ್-ಸ್ಪಾಸ್‌ನಲ್ಲಿ ಪ್ಯಾರಾಸಿಟಮಾಲ್ ಇಲ್ಲದಿದ್ದರೂ ಮೆಫೆನಾಮಿಕ್ ಆ್ಯಸಿಡ್ ಇದೆ. ಲಿವರ್ ಚೆನ್ನಾಗಿರುವವರಿಗೆ ಇವು ಕೆಲಸಕ್ಕೆ ಬರುವ ಗುಳಿಗೆಗಳೇ, ಸಿರೋಸಿಸ್ ಇದ್ದವರಿಗಲ್ಲ.

ದೂರ ಇಡಬೇಕಾದ ಹೆಸರುಗಳು: ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್, ನ್ಯಾಪ್ರೊಕ್ಸೆನ್, ಪೈರಾಕ್ಸಿಕ್ಯಾಮ್, ಕೆಟೊರೊಲ್ಯಾಕ್, ಮೆಫೆನಾಮಿಕ್ ಆ್ಯಸಿಡ್, ಎಟೊರಿಕಾಕ್ಸಿಬ್, ನೋವಿನ ಡೋಸಿನ ಆ್ಯಸ್ಪಿರಿನ್. ಈ ಪಟ್ಟಿಯನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಹೃದಯಕ್ಕೆಂದು ವೈದ್ಯರು ಬರೆದ ಸಣ್ಣ ಡೋಸಿನ ಆ್ಯಸ್ಪಿರಿನ್ ಮಾತ್ರ ನೀವಾಗಿ ನಿಲ್ಲಿಸಬೇಡಿ, ಕೇಳಿ.

ಇವು ಕಿಡ್ನಿಗೆ ಏಕೆ ಹೊಡೆಯುತ್ತವೆ

ಸಿರೋಸಿಸ್‌ನಲ್ಲಿ ರಕ್ತ ಹೊಟ್ಟೆಯ ಕಡೆಯ ನಾಳಗಳಲ್ಲಿ ಹರಡಿಕೊಂಡು ಕಿಡ್ನಿಗೆ ಹೋಗುವ ಹರಿವು ಕಡಿಮೆಯಾಗುತ್ತದೆ. ಕಾಲುವೆಯ ಕೊನೆ ಭಾಗದ ಗದ್ದೆಗೆ ನೀರು ಮುಟ್ಟದ ಹಾಗೆ. ಕಿಡ್ನಿ ಆಗ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ಮಾಡಿಕೊಂಡು ತನ್ನ ತೂಬನ್ನು ತಾನೇ ಅಗಲಿಸಿಕೊಂಡು ಬದುಕುತ್ತಿರುತ್ತದೆ. ಮೇಲಿನ ಪಟ್ಟಿಯ ಗುಳಿಗೆಗಳು ನೋವು ಇಳಿಸುವುದೇ ಪ್ರೊಸ್ಟಾಗ್ಲಾಂಡಿನ್ ತಡೆದು. ನೋವಿನ ಜೊತೆ ಕಿಡ್ನಿಯ ತೂಬೂ ಮುಚ್ಚಿಕೊಳ್ಳುತ್ತದೆ. ಮೂತ್ರ ಕಡಿಮೆಯಾಗುತ್ತದೆ, ಉಪ್ಪು ನೀರು ಮೈಯಲ್ಲೇ ನಿಲ್ಲುತ್ತದೆ, ನೀರು ಇಳಿಸುವ ಲ್ಯಾಸಿಕ್ಸ್, ಆಲ್ಡಾಕ್ಟೋನ್ ನುಂಗಿದರೂ ಹೊಟ್ಟೆ ಇಳಿಯುವುದಿಲ್ಲ. ರಾಯಚೂರಿನ ಏಪ್ರಿಲ್-ಮೇ ಬಿಸಿಲಿನಲ್ಲಿ ಬೆವರು ಹರಿದು, ನೀರು ಇಳಿಸುವ ಗುಳಿಗೆಯೂ ನಡೆಯುತ್ತಿರುವಾಗ ಇದು ಇನ್ನೂ ಬೇಗ ಆಗುತ್ತದೆ. ಸಾಲದ್ದಕ್ಕೆ ಪ್ಲೇಟ್‌ಲೆಟ್‌ನ ಕೆಲಸ ಕೆಡುತ್ತದೆ, ಜಠರದಲ್ಲಿ ಹುಣ್ಣಾಗುತ್ತದೆ, ಅನ್ನನಾಳದಲ್ಲಿ ಉಬ್ಬಿರುವ ರಕ್ತನಾಳ ಒಡೆಯುವ ಅಪಾಯ ಏರುತ್ತದೆ.

"ಗ್ಯಾಸಿನ ಗುಳಿಗಿ ಜೋಡಿ ತೊಗೊಂಡ್ರ ನಡೀತದ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಪ್ಯಾಂಟೊಪ್ರಜೋಲ್ ಜಠರದ ಹುಣ್ಣನ್ನು ತಡೆದೀತು, ಕಿಡ್ನಿಯನ್ನು ಕಾಯುವುದಿಲ್ಲ. ಕಾರಣವಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಸಿರೋಸಿಸ್ ಇದ್ದವರಿಗೆ ಸೋಂಕಿನ ಅಪಾಯ ಬೇರೆ.

ಇನ್ನು ಸೂಜಿ. ಗುಳಿಗೆ ಬೇಡ ಎಂದವರೂ ಸೊಂಟಕ್ಕೊಂದು ಇಂಜೆಕ್ಷನ್ ಮಾಡಿಸಿಕೊಂಡು ಬರುತ್ತಾರೆ. ಒಳಗಿರುವುದು ಬಹುಮಟ್ಟಿಗೆ ಅದೇ ಡೈಕ್ಲೋಫೆನಾಕ್. ಸೂಜಿಯಿಂದ ಹೋದರೂ ಕಿಡ್ನಿಗೆ ಮುಟ್ಟುವುದು ಅಷ್ಟೇ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಏರಿ ಪ್ಲೇಟ್‌ಲೆಟ್ ಇಳಿದವರಿಗೆ ಸೂಜಿ ಚುಚ್ಚಿದ ಜಾಗದ ಮಾಂಸದಲ್ಲೇ ರಕ್ತ ಗಡ್ಡೆ ಕಟ್ಟಬಹುದು. ಯಾರೇ ಸೂಜಿ ತೆಗೆದರೂ "ಇದರಾಗ ಏನೈತ್ರಿ?" ಎಂದು ಕೇಳಿ, ಬಾಟ್ಲಿ ನೋಡಿ.

ಪ್ಯಾರಾಸಿಟಮಾಲ್ ಸಾಲದಾದಾಗ

ಇಲ್ಲಿಂದ ಮುಂದೆ ವೈದ್ಯರ ಚೀಟಿ ಇಲ್ಲದೆ ಹೆಜ್ಜೆ ಇಡುವಂತಿಲ್ಲ. ಟ್ರಮಡಾಲ್ ಕಡಿಮೆ ಡೋಸಿನಲ್ಲಿ, ದೂರ ದೂರದ ಹೊತ್ತಿಗೆ ಕೆಲವರಿಗೆ ಬರೆಯುತ್ತಾರೆ. ಅದರ ತೊಂದರೆ ಲಿವರಿಗಿಂತ ಮಿದುಳಿಗೆ. ಈ ಗುಂಪಿನ ಔಷಧಗಳು ಮಲ ಕಟ್ಟಿಸುತ್ತವೆ. ಮಲ ಕಟ್ಟಿದರೆ ಕರುಳಿನ ಅಮೋನಿಯಾ ರಕ್ತಕ್ಕೆ ಸೇರಿ ಮಂಪರು ಬರುತ್ತದೆ. ಆದ್ದರಿಂದ ಟ್ರಮಡಾಲ್ ಬರೆದರೆ ಲ್ಯಾಕ್ಟುಲೋಸ್ ಸಿರಪ್ಪನ್ನೂ ಕೇಳಿ ಬರೆಸಿಕೊಳ್ಳಿ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಆಗುವಂತೆ ಅಳತೆ ಹೊಂದಿಸಿ. ಹಿಂದೊಮ್ಮೆ ಮಂಪರು ಬಂದವರಿಗೆ ಈ ಗುಂಪು ಆದಷ್ಟೂ ಬೇಡ. ಟ್ರಮಡಾಲ್ ಜೊತೆ ಪ್ಯಾರಾಸಿಟಮಾಲ್ ಸೇರಿಸಿದ ಗುಳಿಗೆಯೂ ಇದೆ, ಅದರೊಳಗಿನ 325 ಮಿಲಿಗ್ರಾಂ ಅನ್ನು ದಿನದ 2 ಗ್ರಾಂನಲ್ಲಿ ಎಣಿಸಿ.

ಕಾಲು ಉರಿ, ಜುಮುಜುಮು ಎನ್ನುವ ನರದ ನೋವಿಗೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಉತ್ತಮ. ಇವು ಲಿವರಿನಲ್ಲಿ ಕರಗದೆ ಕಿಡ್ನಿಯಿಂದ ಹೊರಹೋಗುತ್ತವೆ, ಹಾಗಾಗಿ ಡೋಸ್ ನಿರ್ಧರಿಸುವುದು ಕ್ರಿಯೇಟಿನಿನ್. ಸಣ್ಣ ಡೋಸಿನಿಂದ, ರಾತ್ರಿ ಹೊತ್ತು ಶುರು. ನಿದ್ದೆ, ತೂಕಡಿಕೆ ಗಮನಿಸಬೇಕು. ಅದೇ ನೋವಿಗೆ ಕೊಡುವ ಡ್ಯುಲೊಕ್ಸೆಟಿನ್ ಲಿವರ್ ರೋಗಿಗಳಿಗೆ ಬೇಡ. ಬೆನ್ನು ಹಿಡಿದದ್ದು ಸಡಿಲಿಸುವ ಗುಳಿಗೆಗಳಲ್ಲಿ ಕ್ಲೋರ್‌ಝೋಕ್ಸಝೋನ್, ಟಿಝಾನಿಡಿನ್ ಎರಡೂ ಲಿವರಿಗೆ ಪೆಟ್ಟು ಕೊಡಬಲ್ಲವು. ಸ್ಟ್ರಿಪ್ಪಿನ ಹಿಂದೆ ಇವೂ ಇವೆಯೇ ನೋಡಿ. ನೋವಿಗೆ ನಿದ್ದೆ ಬರುತ್ತಿಲ್ಲ ಎಂದು ಆಲ್ಪ್ರಜೋಲಮ್ ನುಂಗುವುದು ಮಂಪರಿಗೆ ನೇರ ದಾರಿ.

ಹಲ್ಲುನೋವಿಗೆ ಹೋದಾಗ ದಂತವೈದ್ಯರಿಗೆ ಮೊದಲೇ ಹೇಳಬೇಕು. ಇಲ್ಲದಿದ್ದರೆ ಕೆಟೊರೊಲ್ಯಾಕ್ ಬರೆಯಬಹುದು. ಹಲ್ಲು ಕಿತ್ತ ಮೇಲೆ ರಕ್ತ ನಿಲ್ಲದಿರುವುದು ಇನ್ನೊಂದು ತಲೆನೋವು. ಪ್ಲೇಟ್‌ಲೆಟ್, ಐಎನ್‌ಆರ್ ರಿಪೋರ್ಟ್ ಒಯ್ಯಿರಿ.

ನಾಟಿ ಔಷಧಿ, ಪುಡಿ, ಕ್ಯಾಪ್ಸೂಲ್

ಗಿಡಮೂಲಿಕೆ ಎಂದ ಮಾತ್ರಕ್ಕೆ ಲಿವರ್ ಬಿಡುವುದಿಲ್ಲ. ಅಮೃತಬಳ್ಳಿ, ಅಶ್ವಗಂಧ, ಕಾಳುಮೆಣಸಿನ ಸತ್ವ ಸೇರಿಸಿದ ಅರಿಸಿನದ ಕ್ಯಾಪ್ಸೂಲ್, ಇವುಗಳಿಂದ ಲಿವರ್ ಊದಿ ಕಾಮಣಿ ಆದ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಸಾರಿಗೆ ಹಾಕುವ ಅರಿಸಿನಕ್ಕೆ ಹೆದರಬೇಕಿಲ್ಲ. ಸಂತೆಯಲ್ಲಿ "ಮಂಡಿನೋವು ಮೂರು ದಿನದಾಗ ಮಾಯ" ಎಂದು ಮಾರುವ ಹೆಸರಿಲ್ಲದ ಪುಡಿ ನಿಜಕ್ಕೂ ಮೂರು ದಿನದಲ್ಲಿ ಕೆಲಸ ಮಾಡಿದರೆ, ಅದರಲ್ಲಿ ಸ್ಟೀರಾಯ್ಡೋ ಡೈಕ್ಲೋಫೆನಾಕೋ ಬೆರೆತಿದೆ ಎಂದು ಅನುಮಾನಿಸುವುದೇ ಜಾಣತನ.

ತಗೊಂಡ ಮೇಲೆ ಗಮನಿಸಬೇಕಾದ್ದು

ಮನೆಯವರು ಇಷ್ಟನ್ನು ನೋಡುತ್ತಿರಲಿ: ಮೂತ್ರ ಎಂದಿನಷ್ಟು ಆಗುತ್ತಿದೆಯೇ, ದಿನಾ ಮುಂಜಾನೆ ತೂಕ ಏರುತ್ತಿದೆಯೇ, ಮಲದ ಬಣ್ಣ ಏನು, ಹಗಲು ತೂಕಡಿಸಿ ರಾತ್ರಿ ಎಚ್ಚರ ಇರುತ್ತಿದ್ದಾರೆಯೇ, ಕೈ ಚಾಚಿ ಅಂಗೈ ಎತ್ತಿ ಹಿಡಿದಾಗ ಪಟಪಟ ಬೀಳುತ್ತದೆಯೇ. ಕೊನೆಯ ಎರಡು ಕಂಡರೆ ಅದು "ಸುಸ್ತು" ಅಲ್ಲ, ಲಿವರಿನ ಮಂಪರು, ಆಸ್ಪತ್ರೆಗೆ ಹೊರಡಿ.

ಪ್ಯಾರಾಸಿಟಮಾಲ್ ಅಳತೆ ಮೀರಿದೆ ಎಂದು ಗೊತ್ತಾದರೆ ವಾಂತಿ ಬರಲಿ ಎಂದು ಕಾಯಬೇಡಿ. ಮೊದಲ ದಿನ ಏನೂ ಕಾಣದೇ ಇರಬಹುದು, ಮೋಸ ಅಲ್ಲೇ ಇರುವುದು. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದಿದೆ, 8 ಗಂಟೆಯೊಳಗೆ ಶುರುವಾದರೆ ಅತ್ಯುತ್ತಮ ಫಲ. ತಡವಾಗಿದ್ದರೂ ಹೋಗಿ. ಖಾಲಿ ಸ್ಟ್ರಿಪ್ಪುಗಳನ್ನು ಜೊತೆಗೆ ಒಯ್ಯಿರಿ.

ಜೇಬಿನಲ್ಲಿ ಒಂದು ಚೀಟಿ

ದೊಡ್ಡ ಆಸ್ಪತ್ರೆಯ ಫೈಲ್ ಮನೆಯಲ್ಲಿರುತ್ತದೆ, ನೋವು ಬರುವುದು ಹೊಲದಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ. ಪೋಸ್ಟ್‌ಕಾರ್ಡಿನಷ್ಟು ರಟ್ಟಿನ ಮೇಲೆ ಇದನ್ನು ಬರೆದು ಪ್ಲಾಸ್ಟಿಕ್ ಹಾಕಿಸಿ ಪರ್ಸಿನಲ್ಲಿ ಇಟ್ಟುಕೊಳ್ಳಿ. ಖಾಲಿ ಜಾಗವನ್ನು ನಿಮ್ಮ ವೈದ್ಯರ ಕೈಯಲ್ಲೇ ತುಂಬಿಸಿ:

"ನನಗೆ ಲಿವರ್ ಸಿರೋಸಿಸ್ ಇದೆ. ಹೊಟ್ಟೆಯಲ್ಲಿ ನೀರು: ಇದೆ / ಇಲ್ಲ. ರಕ್ತ ವಾಂತಿ ಆಗಿತ್ತು: ಹೌದು / ಇಲ್ಲ. ಕ್ರಿಯೇಟಿನಿನ್ ___, ಪ್ಲೇಟ್‌ಲೆಟ್ ___, ಐಎನ್‌ಆರ್ ___, ತಾರೀಖು ___. ನಡೆಯುತ್ತಿರುವ ಔಷಧಿಗಳು ___. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಗುಂಪಿನ ಗುಳಿಗೆ, ಸೂಜಿ ಕೊಡಬೇಡಿ. ಪ್ಯಾರಾಸಿಟಮಾಲ್ ದಿನಕ್ಕೆ ಒಟ್ಟು ___ ಮಿಲಿಗ್ರಾಂ ಮೀರಬಾರದು. ನಿದ್ದೆ ಬರಿಸುವ ಔಷಧಿ ಬೇಡ."